ಜೂಲ್ಸ್ ವರ್ನ್

ಜೂಲ್ಸ್ ಗಾಬ್ರಿಯೆಲ್ ವರ್ನ್ (ಫೆಬ್ರವರಿ 8, 1828 – ಮಾರ್ಚ್ 24, 1905) ಫ್ರಾನ್ಸ್ ದೇಶದ ಕಾದಂಬರಿಕಾರ, ಕವಿ ಹಾಗೂ ನಾಟಕಕಾರ. ವೈಜ್ಞಾನಿಕ ಕಥಾಸಾಹಿತ್ಯದ ಆದ್ಯಪ್ರವರ್ತಕರಲ್ಲಿ ಒಬ್ಬರೆಂದು ಪರಿಗಣಿತರಾದ ಇವರು 'ಅಸಾಧಾರಣ ಯಾನಗಳು' ಎಂಬ ಮಾಲಿಕೆಯಿಂದ ವಿಶ್ವವಿಖ್ಯಾತರಾದರು. ಈ ಮಾಲಿಕೆಯಲ್ಲಿ ಅವರ ಜೀವಿತಾವಧಿಯಲ್ಲಿಯೇ 54 ಕಾದಂಬರಿಗಳು ಪ್ರಕಟವಾದವು. ಜಗತ್ತಿನ ಅತಿ ಹೆಚ್ಚು ಭಾಷೆಗಳಿಗೆ ಅನುವಾದಗೊಂಡ ಲೇಖಕರ ಸಾಲಿನಲ್ಲಿ ವರ್ನ್ ಅವರ ಹೆಸರು ಅಗಾಥಾ ಕ್ರಿಸ್ಟಿ ಮತ್ತು ಶೇಕ್ಸ್‌ಪಿಯರ್ ಅವರ ಜೊತೆಯಲ್ಲಿ ನಿಲ್ಲುತ್ತದೆ.

ವರ್ನ್ ಅವರ ಯಾವ ಕಾದಂಬರಿ ಶ್ರೇಷ್ಠ, ಅವರು ವಿಜ್ಞಾನವನ್ನು ನಂಬಿದವರೋ ಅದಕ್ಕೆ ಅಂಜಿದವರೋ ಎಂಬ ಚರ್ಚೆ ಓದುಗರಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ನಡೆದುಬಂದಿದೆ. ಈ ತುಲನೆಗೆ ಒಂದು ವಿಶೇಷ ತೊಡಕಿದೆ. ಅವರ ಹೆಸರಿನಲ್ಲಿರುವ ಕೃತಿಗಳಲ್ಲಿ ಹಲವು ಓದುಗರ ಕೈಸೇರುವ ಮುನ್ನ ಪ್ರಕಾಶಕರು, ಅನುವಾದಕರು ಮತ್ತು ಸ್ವಂತ ಮಗನ ತಿದ್ದುಪಡಿಗೆ ಒಳಗಾಗಿದ್ದವು. ಮೂಲ ಹಸ್ತಪ್ರತಿಗಳು ಬೆಳಕಿಗೆ ಬಂದದ್ದು ಅವರ ಮರಣಾನಂತರ ಹಲವು ದಶಕಗಳು ಕಳೆದ ಮೇಲೆ.

ಜನನ ಮತ್ತು ಬಾಲ್ಯ

ಜೂಲ್ಸ್ ವರ್ನ್ ಫ್ರಾನ್ಸಿನ ಪಶ್ಚಿಮ ಭಾಗದ ರೇವುಪಟ್ಟಣವಾದ ನಾಂಟ್‌ನಲ್ಲಿ ಜನಿಸಿದರು. ತಂದೆ ಪಿಯೆರ್ ವರ್ನ್ ವಕೀಲರು. ತಾಯಿ ಸೋಫಿ ಹಡಗುಗಳ ಒಡೆತನ ಮತ್ತು ನೌಕಾಯಾನಕ್ಕೆ ಹೆಸರಾದ ಮನೆತನದವರು. ಐವರು ಮಕ್ಕಳಲ್ಲಿ ಜೂಲ್ಸ್ ಹಿರಿಯರು. ತಮ್ಮ ಪಾಲ್ ಮುಂದೆ ನೌಕಾಪಡೆಯನ್ನು ಸೇರಿದರು. ಅಣ್ಣನ ಕಾದಂಬರಿಗಳಿಗೆ ಬೇಕಾದ ನೌಕಾಶಾಸ್ತ್ರದ ವಿವರಗಳನ್ನು ಒದಗಿಸಿದವರಲ್ಲಿ ಅವರೂ ಒಬ್ಬರು.

ಲುವಾರ್ ನದಿಯ ದಂಡೆಯಲ್ಲಿ ದೂರದೇಶಗಳಿಗೆ ಹೋಗಿಬರುವ ಹಡಗುಗಳನ್ನು ನೋಡುತ್ತ ಬಾಲಕ ಬೆಳೆದನು. ಮೊದಲ ಪಾಠಗಳನ್ನು ಕಲಿಸಿದ ಶಿಕ್ಷಕಿ ಸಮುದ್ರದಲ್ಲಿ ಕಾಣೆಯಾದ ನಾವಿಕನೊಬ್ಬನ ಪತ್ನಿಯಾಗಿದ್ದರು. ಕಾಣೆಯಾದ ನಾವಿಕನನ್ನು ಅರಸುವ ಕಥಾವಸ್ತು ವರ್ನ್ ಅವರ ಹಲವು ಕಾದಂಬರಿಗಳಲ್ಲಿ ಮರುಕಳಿಸುವುದನ್ನು ಈ ನೆನಪಿನೊಂದಿಗೆ ಜೋಡಿಸಿ ನೋಡುವುದುಂಟು.

ಹನ್ನೊಂದನೆಯ ವಯಸ್ಸಿನಲ್ಲಿ, ಸೋದರಸಂಬಂಧಿಯಾದ ಬಾಲೆಗೆ ಹವಳದ ಹಾರ ತರುವುದಕ್ಕಾಗಿ ಪೂರ್ವದೇಶಗಳಿಗೆ ಹೊರಟ ಹಡಗನ್ನು ಮನೆಯವರಿಗೆ ತಿಳಿಯದಂತೆ ಏರಿದರೆಂದೂ, ತಂದೆ ಬಂದು ಇಳಿಸಿಕೊಂಡು ಹೋದರೆಂದೂ ಒಂದು ಕಥೆ ಪ್ರಚಲಿತವಾಗಿದೆ. 1928ರಲ್ಲಿ ಬಂಧುವೊಬ್ಬರು ಬರೆದ ಜೀವನಚರಿತ್ರೆಯಿಂದ ಈ ಕಥೆ ಹರಡಿತು. ಇದನ್ನು ಕುಟುಂಬದ ಕಟ್ಟುಕಥೆಯೆಂದೇ ಇಂದಿನ ಸಂಶೋಧಕರಲ್ಲಿ ಬಹುಮಂದಿ ಎಣಿಸುತ್ತಾರೆ.

ಪ್ಯಾರಿಸ್ ವಾಸ

ಹಿರಿಯ ಮಗನು ತನ್ನ ವಕೀಲಿ ವೃತ್ತಿಯನ್ನು ಮುಂದುವರಿಸಬೇಕೆಂಬುದು ತಂದೆಯ ಅಪೇಕ್ಷೆಯಾಗಿತ್ತು. ಅದರಂತೆ ವರ್ನ್ ಪ್ಯಾರಿಸ್ ನಗರಕ್ಕೆ ಹೋಗಿ ಕಾನೂನು ವ್ಯಾಸಂಗವನ್ನು ಪೂರೈಸಿದರು. ಆದರೆ ಅವರ ಮನಸ್ಸು ರಂಗಭೂಮಿಯಲ್ಲಿ ನೆಲೆಸಿತ್ತು. ಖ್ಯಾತ ಕಾದಂಬರಿಕಾರ ಅಲೆಕ್ಸಾಂಡರ್ ಡ್ಯೂಮಾ ಮತ್ತು ಅವರ ಮಗನ ಪರಿಚಯವಾಯಿತು. 1850ರಲ್ಲಿ ವರ್ನ್ ಅವರ ಚಿಕ್ಕ ಹಾಸ್ಯನಾಟಕವೊಂದು ಡ್ಯೂಮಾ ಅವರ ರಂಗಮಂದಿರದಲ್ಲಿ ಪ್ರದರ್ಶನಗೊಂಡಿತು. 1851ರಲ್ಲಿ ಅವರ ಮೊದಲ ಕಥೆಗಳು ಪತ್ರಿಕೆಯಲ್ಲಿ ಅಚ್ಚಾದವು. ಅವುಗಳಲ್ಲೊಂದು ಆಕಾಶಬುಟ್ಟಿಯ ಪ್ರಯಾಣವನ್ನು ಕುರಿತದ್ದು.

1852ರಲ್ಲಿ ತಂದೆಯ ಕಚೇರಿಯನ್ನು ವಹಿಸಿಕೊಳ್ಳಲು ನಿರಾಕರಿಸಿದ ವರ್ನ್, ರಂಗಮಂದಿರವೊಂದರ ಕಾರ್ಯದರ್ಶಿಯಾಗಿ ಅಲ್ಪ ಆದಾಯದಲ್ಲಿ ದಿನ ಕಳೆದರು. ಗ್ರಂಥಾಲಯದಲ್ಲಿ ಕುಳಿತು ಭೂಗೋಳ, ಖಗೋಳ, ಭೌತಶಾಸ್ತ್ರಗಳ ಗ್ರಂಥಗಳನ್ನು ಓದಿ ಟಿಪ್ಪಣಿ ಮಾಡಿಕೊಳ್ಳುವ ಅಭ್ಯಾಸ ಬೆಳೆದದ್ದು ಈ ಕಾಲದಲ್ಲಿ. ದೃಷ್ಟಿ ಕಳೆದುಕೊಂಡ ನಂತರವೂ ಪ್ರವಾಸಪ್ರೀತಿಯನ್ನು ಬಿಡದ ಲೇಖಕ ಜಾಕ್ ಅರಾಗೊ ಅವರ ಸ್ನೇಹವೂ ದೇಶಾಟನೆಯ ಸಾಹಿತ್ಯದತ್ತ ಅವರನ್ನು ಸೆಳೆಯಿತು.

1857ರಲ್ಲಿ ಆಮಿಯೆಂ ನಗರದ ಒನೊರಿನ್ ಎಂಬ ವಿಧವೆಯನ್ನು ವರ್ನ್ ವಿವಾಹವಾದರು. ಆಕೆಗೆ ಮೊದಲ ಮದುವೆಯಿಂದ ಇಬ್ಬರು ಹೆಣ್ಣುಮಕ್ಕಳಿದ್ದರು. ಸಂಸಾರ ನಿರ್ವಹಣೆಗಾಗಿ ವರ್ನ್ ಷೇರು ಮಾರುಕಟ್ಟೆಯಲ್ಲಿ ದಲ್ಲಾಳಿ ವೃತ್ತಿಯನ್ನು ಕೈಗೊಂಡು, ಬೆಳಗಿನ ಜಾವ ಎದ್ದು ಬರೆದು ನಂತರ ಕೆಲಸಕ್ಕೆ ಹೋಗುತ್ತಿದ್ದರು. 1861ರಲ್ಲಿ ಏಕೈಕ ಪುತ್ರ ಮಿಶೆಲ್ ಜನಿಸಿದನು.

ಹೆಟ್ಜೆಲ್ ಅವರ ಭೇಟಿ

1862ರಲ್ಲಿ ಪ್ರಕಾಶಕ ಪಿಯೆರ್ ಜೂಲ್ಸ್ ಹೆಟ್ಜೆಲ್ ಅವರ ಭೇಟಿ ವರ್ನ್ ಅವರ ಬಾಳಿನ ದಿಕ್ಕನ್ನು ಬದಲಿಸಿತು. ಬಾಲ್ಜಾಕ್, ವಿಕ್ಟರ್ ಹ್ಯೂಗೊ ಮೊದಲಾದವರ ಕೃತಿಗಳನ್ನು ಪ್ರಕಟಿಸಿದ್ದ ಹೆಟ್ಜೆಲ್, ಮಕ್ಕಳು ಮತ್ತು ಕುಟುಂಬದವರು ಒಟ್ಟಿಗೆ ಓದಬಹುದಾದ, ಜ್ಞಾನ ಮತ್ತು ರಂಜನೆಗಳೆರಡನ್ನೂ ನೀಡುವ ಪತ್ರಿಕೆಯೊಂದನ್ನು ಹೊರತರುವ ಯೋಜನೆಯಲ್ಲಿದ್ದರು. 1863ರ ಜನವರಿಯಲ್ಲಿ 'ಆಕಾಶಬುಟ್ಟಿಯಲ್ಲಿ ಐದು ವಾರ' ಪ್ರಕಟವಾಯಿತು. ಆಫ್ರಿಕಾ ಖಂಡವನ್ನು ಪೂರ್ವದಿಂದ ಪಶ್ಚಿಮಕ್ಕೆ ಗಾಳಿಯಲ್ಲಿ ದಾಟುವ ಈ ಕಥೆ ತಕ್ಷಣವೇ ಜನಪ್ರಿಯವಾಯಿತು. ಹೆಟ್ಜೆಲ್ ಅವರ ಪತ್ರಿಕೆ 1864ರಲ್ಲಿ ಆರಂಭವಾದ ಮೇಲೆ ವರ್ನ್ ಅವರ ಕಾದಂಬರಿಗಳಲ್ಲಿ ಹೆಚ್ಚಿನವು ಮೊದಲು ಅದರಲ್ಲಿ ಧಾರಾವಾಹಿಯಾಗಿ, ಅನಂತರ ಪುಸ್ತಕವಾಗಿ, ಕೊನೆಗೆ ಸಚಿತ್ರ ಆವೃತ್ತಿಯಾಗಿ ಬಂದವು.

ಈ ಒಪ್ಪಂದ ವರ್ನ್ ಅವರಿಗೆ ನಿಶ್ಚಿತ ಆದಾಯವನ್ನು ನೀಡಿತು. ಅದರೊಂದಿಗೆ ವರ್ಷಕ್ಕೆ ಇಷ್ಟು ಸಂಪುಟಗಳನ್ನು ಒಪ್ಪಿಸಲೇಬೇಕೆಂಬ ಕಟ್ಟುಪಾಡನ್ನೂ ಹೊರಿಸಿತು. ಸಚಿತ್ರ ಆವೃತ್ತಿಗಳ ಲಾಭದ ಬಹುಪಾಲು ಪ್ರಕಾಶಕರಿಗೆ ಸೇರಿತು. ಹೆಟ್ಜೆಲ್ ಹಸ್ತಪ್ರತಿಗಳನ್ನು ಸಾಲುಸಾಲಾಗಿ ಓದಿ ತಿದ್ದುಪಡಿಗಳನ್ನು ಸೂಚಿಸುತ್ತಿದ್ದರು. ವರ್ನ್ ಅವುಗಳಲ್ಲಿ ಹಲವನ್ನು ಕೃತಜ್ಞತೆಯಿಂದ ಸ್ವೀಕರಿಸಿದರು, ಕೆಲವನ್ನು ಒಲ್ಲದ ಮನಸ್ಸಿನಿಂದ ಒಪ್ಪಿದರು, ಇನ್ನು ಕೆಲವನ್ನು ಪಟ್ಟುಹಿಡಿದು ತಳ್ಳಿಹಾಕಿದರು. ಉತ್ತರ ಧ್ರುವವನ್ನು ಅರಸಿ ಹೋಗುವ ಕ್ಯಾಪ್ಟನ್ ಹ್ಯಾಟರಸ್‌ನ ಕಥೆಯಲ್ಲಿ ನಾಯಕನು ಧ್ರುವಬಿಂದುವಿನ ಜ್ವಾಲಾಮುಖಿಗೆ ಹಾರಿ ಸಾಯುವಂತೆ ವರ್ನ್ ಬರೆದಿದ್ದರು. ಹೆಟ್ಜೆಲ್ ಅವರ ಸೂಚನೆಯ ಮೇರೆಗೆ, ಅವನು ಬದುಕಿ ಮರಳಿ, ಮತಿಭ್ರಮಣೆಯಿಂದ ಸದಾ ಉತ್ತರದ ದಿಕ್ಕಿಗೇ ನಡೆಯುವಂತೆ ಕಥೆಯನ್ನು ಮುಗಿಸಲಾಯಿತು. ಇಲ್ಲಿ ತಿದ್ದುಪಡಿಯೇ ಕಾದಂಬರಿಯ ಮರೆಯಲಾಗದ ಚಿತ್ರವಾಯಿತು ಎಂಬುದು ಗಮನಾರ್ಹ.

ಬರವಣಿಗೆಯ ವಿಧಾನ

ವರ್ನ್ ವಿಜ್ಞಾನಿಯಲ್ಲ. ವಿಜ್ಞಾನದಲ್ಲಿ ಕ್ರಮಬದ್ಧ ಶಿಕ್ಷಣವನ್ನೂ ಅವರು ಪಡೆದಿರಲಿಲ್ಲ. ಪ್ರತಿದಿನ ವೃತ್ತಪತ್ರಿಕೆಗಳನ್ನು, ಭೂಗೋಳ ಸಂಘಗಳ ವರದಿಗಳನ್ನು, ಪ್ರವಾಸಕಥನಗಳನ್ನು ಓದಿ ಸಾವಿರಾರು ಟಿಪ್ಪಣಿಗಳನ್ನು ವಿಂಗಡಿಸಿ ಇಟ್ಟುಕೊಳ್ಳುತ್ತಿದ್ದರು. ಮೊದಲು ಪೆನ್ಸಿಲ್ಲಿನಲ್ಲಿ ಬರೆದು, ಅದರ ಮೇಲೆ ಶಾಯಿಯಲ್ಲಿ ತಿದ್ದಿ ಬರೆಯುವುದು ಅವರ ಪದ್ಧತಿಯಾಗಿತ್ತು. ಅಚ್ಚಿನ ಕರಡುಗಳು ಬಂದ ಮೇಲೆ ಮತ್ತೆ ಹಲವು ಬಾರಿ ತಿದ್ದುತ್ತಿದ್ದರು.

ಅವರ ಯಂತ್ರಗಳು ಶೂನ್ಯದಿಂದ ಹುಟ್ಟಿದವಲ್ಲ. 'ನಾಟಿಲಸ್' ಎಂಬ ಹೆಸರು ರಾಬರ್ಟ್ ಫುಲ್ಟನ್ 1800ರಲ್ಲಿ ನಿರ್ಮಿಸಿದ ಜಲಾಂತರ್ಗಾಮಿಯದು. ಫ್ರೆಂಚ್ ನೌಕಾಪಡೆಯ 'ಪ್ಲಾಂಜರ್' ಎಂಬ ಜಲಾಂತರ್ಗಾಮಿ 1863ರಲ್ಲಿಯೇ ನೀರಿಗಿಳಿದಿತ್ತು. ತಮ್ಮ ಕಾಲದಲ್ಲಿ ಪ್ರಯೋಗಾವಸ್ಥೆಯಲ್ಲಿದ್ದ ಸಾಧನವನ್ನು ಪರಿಪೂರ್ಣವೆಂದು ಕಲ್ಪಿಸಿಕೊಂಡು, ಅದರ ಸುತ್ತ ಮನುಷ್ಯರನ್ನು ನಿಲ್ಲಿಸುವುದು ವರ್ನ್ ಅವರ ಕ್ರಮವಾಗಿತ್ತು. ಫುಲ್ಟನ್ನನ ದೋಣಿಯನ್ನು ನೀರಿನಡಿಯಲ್ಲಿ ಮಾನವಶಕ್ತಿಯಿಂದ ತಿರುಗುವ ತಿರುಪು ನಡೆಸಿದರೆ, ವರ್ನ್ ಅವರ ನಾಟಿಲಸ್ ವಿದ್ಯುಚ್ಛಕ್ತಿಯಿಂದ ಚಲಿಸುತ್ತದೆ. ಆ ವಿದ್ಯುತ್ತಿಗೆ ಬೇಕಾದ ಸೋಡಿಯಂ ಸಮುದ್ರದ ನೀರಿನಿಂದಲೇ ದೊರೆಯುತ್ತದೆ.

ಕೌಟುಂಬಿಕ ಜೀವನ ಮತ್ತು ಆಮಿಯೆಂ

1867ರಲ್ಲಿ ವರ್ನ್ ಸಹೋದರ ಪಾಲ್ ಜೊತೆಗೆ 'ಗ್ರೇಟ್ ಈಸ್ಟರ್ನ್' ಎಂಬ ಬೃಹತ್ ಹಡಗಿನಲ್ಲಿ ಅಮೆರಿಕಕ್ಕೆ ಹೋಗಿ, ನಯಾಗರ ಜಲಪಾತವನ್ನು ನೋಡಿ ಬಂದರು. 'ಸೇಂಟ್ ಮಿಶೆಲ್' ಎಂಬ ಹೆಸರಿನ ಸ್ವಂತ ದೋಣಿಯನ್ನು ಹೊಂದಿದ್ದ ಅವರು, ಸಮುದ್ರದ ಮೇಲೆಯೇ ಕುಳಿತು ಬರೆಯುವುದನ್ನು ಇಷ್ಟಪಡುತ್ತಿದ್ದರು. 1870ರಲ್ಲಿ ಫ್ರಾನ್ಸ್ ಸರ್ಕಾರದ ಲೀಜನ್ ಆಫ್ ಆನರ್ ಗೌರವ ಲಭಿಸಿತು. 1871ರಲ್ಲಿ ಪತ್ನಿಯ ಊರಾದ ಆಮಿಯೆಂನಲ್ಲಿ ನೆಲೆಸಿದರು.

'ಎಂಬತ್ತು ದಿನಗಳಲ್ಲಿ ಭೂಪ್ರದಕ್ಷಿಣೆ' 1872ರಲ್ಲಿ ಪ್ಯಾರಿಸ್ಸಿನ ದಿನಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದಾಗ ಅವರ ಖ್ಯಾತಿ ಶಿಖರವನ್ನು ಮುಟ್ಟಿತು. 1874ರಲ್ಲಿ ಅದರ ರಂಗರೂಪ ಅಪಾರ ಯಶಸ್ಸನ್ನು ಗಳಿಸಿ ಅವರ ಆರ್ಥಿಕ ಸ್ಥಿತಿಯನ್ನು ಭದ್ರಗೊಳಿಸಿತು. ಇಷ್ಟಾದರೂ ಫ್ರೆಂಚ್ ಅಕಾಡೆಮಿಯ ಸದಸ್ಯತ್ವ ಅವರಿಗೆ ಕೊನೆಯವರೆಗೂ ದೊರೆಯಲಿಲ್ಲ. ವಿಮರ್ಶಕರು ಅವರನ್ನು ಮಕ್ಕಳ ಲೇಖಕರೆಂದು ಬದಿಗಿರಿಸಿದರು. ಸಾಹಿತ್ಯ ಚರಿತ್ರೆಯಲ್ಲಿ ತಮಗೆ ಸ್ಥಾನವಿಲ್ಲವೆಂಬ ಕೊರಗು ಅವರಲ್ಲಿ ಉಳಿದೇ ಇತ್ತು.

ಮಗ ಮಿಶೆಲ್‌ನ ನಡತೆ ತಂದೆಗೆ ದೀರ್ಘಕಾಲದ ಚಿಂತೆಯಾಯಿತು. ವರ್ನ್ ಅವನನ್ನು ಕೆಲಕಾಲ ಸುಧಾರಣಾ ಗೃಹದಲ್ಲಿ ಇರಿಸಿದರು. 1878ರಲ್ಲಿ ಭಾರತದತ್ತ ಹೊರಟ ಹಡಗಿನಲ್ಲಿ ದುಡಿಯಲು ಕಳುಹಿಸಿದರು. ಜಗತ್ತಿನ ಮಕ್ಕಳನ್ನು ರಂಜಿಸಿದ ಲೇಖಕರಿಗೆ ಸ್ವಂತ ಮಗನೊಡನೆ ಹೊಂದಿಕೊಳ್ಳಲು ಬಹುಕಾಲ ಸಾಧ್ಯವಾಗಲಿಲ್ಲ. ಮುಂದಿನ ವರ್ಷಗಳಲ್ಲಿ ತಂದೆ ಮಕ್ಕಳ ಸಂಬಂಧ ಸುಧಾರಿಸಿ, ಮಿಶೆಲ್ ತಾನೂ ಬರವಣಿಗೆಯಲ್ಲಿ ತೊಡಗಿದನು.

1886ರ ಮಾರ್ಚ್ 9ರಂದು, ಮಾನಸಿಕ ಅಸ್ವಸ್ಥತೆಗೆ ಒಳಗಾಗಿದ್ದ ತಮ್ಮನ ಮಗ ಗ್ಯಾಸ್ಟನ್ ವರ್ನ್ ಅವರ ಮೇಲೆ ಎರಡು ಬಾರಿ ಗುಂಡು ಹಾರಿಸಿದನು. ಒಂದು ಗುಂಡು ಎಡಗಾಲಿಗೆ ತಗುಲಿ, ಅವರು ಜೀವನಪರ್ಯಂತ ಕುಂಟುವಂತಾಯಿತು. ಕೆಲವೇ ದಿನಗಳಲ್ಲಿ ಹೆಟ್ಜೆಲ್ ನಿಧನರಾದರು. ಮರುವರ್ಷ ತಾಯಿ ತೀರಿಕೊಂಡರು. ಸಮುದ್ರಯಾನ ನಿಂತುಹೋಯಿತು. 1888ರಲ್ಲಿ ಆಮಿಯೆಂ ನಗರಸಭೆಯ ಸದಸ್ಯರಾಗಿ ಆಯ್ಕೆಗೊಂಡ ವರ್ನ್ ಸುಮಾರು ಹದಿನೈದು ವರ್ಷ ನಗರದ ಸೇವೆ ಸಲ್ಲಿಸಿದರು. ಮಧುಮೇಹದಿಂದ ದೇಹ ಬಳಲಿ, ದೃಷ್ಟಿ ಮಂದವಾದರೂ ಬರವಣಿಗೆಯನ್ನು ಬಿಡಲಿಲ್ಲ. 1905ರ ಮಾರ್ಚ್ 24ರಂದು ಆಮಿಯೆಂನಲ್ಲಿ ನಿಧನರಾದರು.

ಕಾದಂಬರಿಗಳ ತುಲನೆ

ನೀಮೊ: ಎರಡು ಕಾದಂಬರಿ, ಒಬ್ಬ ನಾಯಕ

ವರ್ನ್ ಅವರ ಓದುಗರು ಅತಿ ಹೆಚ್ಚಾಗಿ ಹೋಲಿಸಿ ನೋಡುವ ಕೃತಿಗಳೆಂದರೆ 'ಸಮುದ್ರದಡಿಯಲ್ಲಿ ಇಪ್ಪತ್ತು ಸಾವಿರ ಲೀಗ್' (1869–70) ಮತ್ತು 'ನಿಗೂಢ ದ್ವೀಪ' (1874–75). ಮೊದಲನೆಯ ಕೃತಿಯ ಶೀರ್ಷಿಕೆ ಸಮುದ್ರದ ಆಳವನ್ನು ಸೂಚಿಸುತ್ತದೆಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಇಲ್ಲಿನ ಲೀಗ್ ಸುಮಾರು 4 ಕಿಲೋಮೀಟರ್. ಇಪ್ಪತ್ತು ಸಾವಿರ ಲೀಗ್ ಎಂದರೆ ಸುಮಾರು 80,000 ಕಿಲೋಮೀಟರ್, ಅಂದರೆ ಭೂಮಿಯ ಸುತ್ತಳತೆಯ ಎರಡರಷ್ಟು. ಅದು ನಾಟಿಲಸ್ ಕ್ರಮಿಸಿದ ದೂರ.

ಎರಡೂ ಕಾದಂಬರಿಗಳ ಕೇಂದ್ರದಲ್ಲಿರುವವನು ಕ್ಯಾಪ್ಟನ್ ನೀಮೊ. ಲ್ಯಾಟಿನ್ ಭಾಷೆಯಲ್ಲಿ ಈ ಹೆಸರಿಗೆ 'ಯಾರೂ ಅಲ್ಲ' ಎಂದರ್ಥ. ಮೊದಲು ವರ್ನ್ ಅವನನ್ನು ಪೋಲೆಂಡ್ ದೇಶದವನೆಂದು, ರಷ್ಯನ್ನರ ದಬ್ಬಾಳಿಕೆಯಲ್ಲಿ ಕುಟುಂಬವನ್ನು ಕಳೆದುಕೊಂಡವನೆಂದು ಕಲ್ಪಿಸಿದ್ದರು. ರಷ್ಯಾದಲ್ಲಿ ಪುಸ್ತಕದ ಮಾರಾಟಕ್ಕೆ ಧಕ್ಕೆಯಾದೀತೆಂದು ಅಂಜಿದ ಹೆಟ್ಜೆಲ್ ಇದನ್ನು ಒಪ್ಪಲಿಲ್ಲ. ನೀಮೊನನ್ನು ಗುಲಾಮರ ವ್ಯಾಪಾರದ ವೈರಿಯನ್ನಾಗಿ ಮಾಡಬಹುದೆಂದು ಸೂಚಿಸಿದರು. ವರ್ನ್ ಆ ಸೂಚನೆಯನ್ನು ತಿರಸ್ಕರಿಸಿ, ನಾಯಕನ ದೇಶವನ್ನೂ ದ್ವೇಷದ ಕಾರಣವನ್ನೂ ಹೇಳದೆಯೇ ಉಳಿಸಿದರು. ನೀಮೊನ ಕೋಣೆಯ ಗೋಡೆಯ ಮೇಲಿರುವ ಚಿತ್ರಗಳಲ್ಲಿ ಪೋಲೆಂಡಿನ ಸ್ವಾತಂತ್ರ್ಯವೀರ ಕೊಶ್ಚುಷ್ಕೊನ ಚಿತ್ರವಿರುವುದು ಮೂಲ ಕಲ್ಪನೆಯ ಗುರುತಾಗಿ ಉಳಿದಿದೆ. ಸಿಂಹಳದ ಬಳಿ ಮುತ್ತು ತೆಗೆಯುವ ಬಡ ಮುಳುಗುಗಾರನನ್ನು ಕಾಪಾಡಿ, ಅವನ ಕೈಗೆ ಮುತ್ತುಗಳ ಚೀಲವನ್ನಿಡುವ ಪ್ರಸಂಗವೂ ಅದೇ ಕಾದಂಬರಿಯಲ್ಲಿದೆ.

'ನಿಗೂಢ ದ್ವೀಪ'ದಲ್ಲಿ ನೀಮೊ ತನ್ನ ಗುಟ್ಟನ್ನು ಬಿಚ್ಚುತ್ತಾನೆ. ಅವನು ಬುಂದೇಲಖಂಡದ ರಾಜಪುತ್ರ ಡಕ್ಕರ್. 1857ರ ಹೋರಾಟದಲ್ಲಿ ಬ್ರಿಟಿಷರ ವಿರುದ್ಧ ಕಾದಾಡಿ ಹೆಂಡತಿ ಮಕ್ಕಳನ್ನು ಕಳೆದುಕೊಂಡವನು. ಅವನನ್ನು ಮೈಸೂರಿನ ಟಿಪ್ಪು ಸುಲ್ತಾನನ ಸೋದರಸಂಬಂಧದ ವಂಶಕ್ಕೂ ವರ್ನ್ ಸೇರಿಸಿದ್ದಾರೆ. ಈ ನಂಟು ಶುದ್ಧ ಕಲ್ಪನೆ. ಇತಿಹಾಸದಲ್ಲಿ ಇದಕ್ಕೆ ಆಧಾರವಿಲ್ಲ. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಮಡಿದ ಟಿಪ್ಪುವಿನ ಹೆಸರು ಬ್ರಿಟಿಷರ ಕಡುವೈರಿಯೆಂದು ಫ್ರೆಂಚ್ ಓದುಗರಿಗೆ ಪರಿಚಿತವಾಗಿತ್ತು. ಆ ಒಂದು ಹೆಸರಿನಿಂದ ಡಕ್ಕರ್‌ನ ಹಗೆತನಕ್ಕೆ ವಂಶಪರಂಪರೆಯೊಂದು ದೊರೆಯಿತು.

ಎರಡೂ ಕಾದಂಬರಿಗಳ ಕಾಲಗಣನೆ ಮಾತ್ರ ಹೊಂದುವುದಿಲ್ಲ. ಮೊದಲನೆಯದರ ಘಟನೆಗಳು 1866ರಿಂದ 1868ರವರೆಗೆ ನಡೆಯುತ್ತವೆ. ಎರಡನೆಯದು 1865ರಲ್ಲಿ ಆರಂಭವಾಗಿ 1869ರಲ್ಲಿ ಮುಗಿಯುತ್ತದೆ. ಅದರಲ್ಲಿ ನೀಮೊ ಸಂಗಾತಿಗಳೆಲ್ಲರನ್ನೂ ಕಳೆದುಕೊಂಡು ವೃದ್ಧನಾಗಿದ್ದಾನೆ, ಮತ್ತು ಹಿಂದಿನ ಘಟನೆಗಳು ಹದಿನಾರು ವರ್ಷಗಳ ಹಿಂದೆ ನಡೆದುವೆಂದು ಹೇಳಲಾಗಿದೆ. ಕೆಲವರು ಇದನ್ನು ಲೇಖಕರ ಅಜಾಗರೂಕತೆಯೆಂದು ಎಣಿಸುತ್ತಾರೆ. ಮೊದಲ ಕಾದಂಬರಿಯ ಹೆಸರಿಲ್ಲದ, ಕ್ಷಮೆಯಿಲ್ಲದ ನೀಮೊನೇ ಉನ್ನತ ಸೃಷ್ಟಿಯೆಂಬುದು ಒಂದು ಪಕ್ಷ. ದ್ವೀಪದ ನಿರಾಶ್ರಿತರಿಗೆ ಮರೆಯಲ್ಲಿ ನಿಂತು ನೆರವಾಗಿ, ಕೊನೆಗೆ ಮನುಷ್ಯರ ನಡುವೆ ಸಾಯುವ ನೀಮೊನಲ್ಲಿ ಪಾತ್ರ ಪೂರ್ಣಗೊಳ್ಳುತ್ತದೆಂಬುದು ಇನ್ನೊಂದು ಪಕ್ಷ.

ಚಂದ್ರಯಾನದ ಕಾದಂಬರಿಗಳು

'ಭೂಮಿಯಿಂದ ಚಂದ್ರನಿಗೆ' (1865) ಮತ್ತು 'ಚಂದ್ರನ ಸುತ್ತ' (1870) ವರ್ನ್ ಅವರಿಗೆ ಭವಿಷ್ಯವಾದಿ ಎಂಬ ಹೆಸರನ್ನು ತಂದ ಕೃತಿಗಳು. ಅಮೆರಿಕದ ಅಂತರ್ಯುದ್ಧ ಮುಗಿದು ಕೆಲಸವಿಲ್ಲದ ಫಿರಂಗಿ ತಜ್ಞರು ಚಂದ್ರನಿಗೆ ಗುಂಡು ಹಾರಿಸಲು ಹೊರಡುವುದು ಕಥೆ. ಮೂವರು ಯಾತ್ರಿಕರು ಫ್ಲೋರಿಡಾದಿಂದ ಡಿಸೆಂಬರಿನಲ್ಲಿ ಹೊರಟು, ಚಂದ್ರನ ಮೇಲೆ ಇಳಿಯದೆ ಅದನ್ನು ಸುತ್ತಿ, ಪೆಸಿಫಿಕ್ ಸಾಗರದಲ್ಲಿ ಬೀಳುತ್ತಾರೆ. 1968ರ ಡಿಸೆಂಬರಿನಲ್ಲಿ ಫ್ಲೋರಿಡಾದಿಂದ ಹೊರಟ ಅಪೊಲೊ 8 ನೌಕೆಯ ಯಾನ ಈ ಎಲ್ಲ ಅಂಶಗಳಲ್ಲಿಯೂ ಇದನ್ನು ಹೋಲುತ್ತದೆ.

ಆದರೆ ವರ್ನ್ ಅವರ ಯಾತ್ರಿಕರು ಏರಿದ್ದು ರಾಕೆಟ್ಟನ್ನಲ್ಲ, ಸುಮಾರು 270 ಮೀಟರ್ ಉದ್ದದ ಫಿರಂಗಿಯ ಗುಂಡನ್ನು. ಅಷ್ಟು ಕಡಿಮೆ ದೂರದಲ್ಲಿ ಭೂಮಿಯ ಆಕರ್ಷಣೆಯನ್ನು ಮೀರುವ ವೇಗ ಪಡೆದರೆ ಒಳಗಿರುವವರು ಉಳಿಯುವುದು ಅಸಾಧ್ಯ. ಮದ್ದುಗುಂಡುಗಳ ಮೋಹಕ್ಕೆ ಒಳಗಾದ ಸಮಾಜವನ್ನು ಗೇಲಿ ಮಾಡುವ ವಿಡಂಬನೆಯಾಗಿಯೂ ಈ ಕಾದಂಬರಿ ಓದಿಸಿಕೊಳ್ಳುತ್ತದೆ.

ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ 1901ರಲ್ಲಿ ಪ್ರಕಟಿಸಿದ ಚಂದ್ರಯಾನದ ಕಾದಂಬರಿಯೊಡನೆ ಇದನ್ನು ಹೋಲಿಸುವುದು ವಾಡಿಕೆ. ವೆಲ್ಸ್ ಗುರುತ್ವವನ್ನೇ ತಡೆಯುವ ಕಾಲ್ಪನಿಕ ವಸ್ತುವೊಂದನ್ನು ಸೃಷ್ಟಿಸಿದರು. ತಾವು ಗೊತ್ತಿರುವ ಭೌತಶಾಸ್ತ್ರವನ್ನು ಬಳಸಿದರೆ ವೆಲ್ಸ್ ಇಲ್ಲದ ಲೋಹವನ್ನು ಹುಟ್ಟಿಸುತ್ತಾರೆಂದು ವರ್ನ್ ಆಕ್ಷೇಪಿಸಿದ್ದರು. ಸಾಧ್ಯವಾದುದನ್ನು ವಿಸ್ತರಿಸುವುದು ವರ್ನ್ ಅವರ ದಾರಿ. ಅಸಾಧ್ಯವಾದ ಒಂದನ್ನು ಒಪ್ಪಿಕೊಂಡು ಅದರ ಪರಿಣಾಮವನ್ನು ಶೋಧಿಸುವುದು ವೆಲ್ಸ್ ಅವರ ದಾರಿ. ಮುಂದಿನ ವೈಜ್ಞಾನಿಕ ಕಥಾಸಾಹಿತ್ಯ ಈ ಎರಡೂ ದಾರಿಗಳಲ್ಲಿ ಬೆಳೆಯಿತು.

ಭೂಪ್ರದಕ್ಷಿಣೆ ಮತ್ತು ಭಾರತ

'ಎಂಬತ್ತು ದಿನಗಳಲ್ಲಿ ಭೂಪ್ರದಕ್ಷಿಣೆ'ಯಲ್ಲಿ ಹೊಸ ಯಂತ್ರಗಳಿಲ್ಲ. ರೈಲು, ಹಡಗು, ಆನೆ, ಹಿಮದ ಮೇಲೆ ಜಾರುವ ಗಾಡಿ ಮುಂತಾದ ಇರುವ ವಾಹನಗಳಲ್ಲಿಯೇ ಫಿಲಿಯಾಸ್ ಫಾಗ್ ಜಗತ್ತನ್ನು ಸುತ್ತುತ್ತಾನೆ. ಆದ್ದರಿಂದ ಇದು ವೈಜ್ಞಾನಿಕ ಕಾದಂಬರಿಯೇ ಅಲ್ಲವೆಂದು ಕೆಲವರು ವಾದಿಸುತ್ತಾರೆ. ಆದರೆ ಕಥೆಯ ಕೊನೆಯ ತಿರುವು ಶುದ್ಧ ಭೂಗೋಳಶಾಸ್ತ್ರದ್ದು. ಪೂರ್ವಾಭಿಮುಖವಾಗಿ ಚಲಿಸುವವನಿಗೆ ಪ್ರತಿ ರೇಖಾಂಶಕ್ಕೂ ಸೂರ್ಯೋದಯ ನಾಲ್ಕು ನಿಮಿಷ ಮುಂಚಿತವಾಗಿ ಆಗುತ್ತದೆ. 360 ರೇಖಾಂಶಗಳಿಗೆ 1,440 ನಿಮಿಷ, ಅಂದರೆ ಒಂದು ಪೂರ್ಣ ದಿನ. ಪಂದ್ಯದಲ್ಲಿ ಸೋತೆನೆಂದು ತಿಳಿದ ಫಾಗ್ ತನಗರಿಯದೆ ಗಳಿಸಿದ್ದ ಆ ಒಂದು ದಿನದಿಂದಲೇ ಗೆಲ್ಲುತ್ತಾನೆ. 1889ರಲ್ಲಿ ಅಮೆರಿಕದ ಪತ್ರಕರ್ತೆ ನೆಲ್ಲಿ ಬ್ಲೈ ಈ ದಾಖಲೆಯನ್ನು ಮುರಿಯಲು ಹೊರಟು, ದಾರಿಯಲ್ಲಿ ಆಮಿಯೆಂನಲ್ಲಿ ವರ್ನ್ ಅವರನ್ನು ಭೇಟಿಯಾಗಿ, 72 ದಿನಗಳಲ್ಲಿ ಪ್ರಯಾಣವನ್ನು ಮುಗಿಸಿದರು.

ಫಾಗ್‌ನ ಪ್ರಯಾಣ ಮುಂಬಯಿಯಿಂದ ಕೋಲ್ಕತ್ತಕ್ಕೆ ಭಾರತವನ್ನು ಹಾಯುತ್ತದೆ. ಸಹಗಮನದ ಚಿತೆಯಿಂದ ಅವನು ರಕ್ಷಿಸುವ ಔದಾ ಪಾರ್ಸಿ ಹೆಣ್ಣುಮಗಳು. 1880ರ 'ಉಗಿಯ ಮನೆ' ಕಾದಂಬರಿಯಲ್ಲಿ ಆನೆಯ ಆಕಾರದ ಉಗಿಯಂತ್ರವೊಂದು ಮನೆಗಳನ್ನು ಎಳೆದುಕೊಂಡು ಉತ್ತರ ಭಾರತದಲ್ಲಿ ಸಂಚರಿಸುತ್ತದೆ. 1857ರ ನಾನಾ ಸಾಹೇಬನೂ ಅದರಲ್ಲಿ ಪಾತ್ರಧಾರಿ. ವರ್ನ್ ಭಾರತಕ್ಕೆ ಎಂದೂ ಬಂದವರಲ್ಲ. ಅವರ ಭಾರತ ಗ್ರಂಥಾಲಯದಲ್ಲಿ ಕಂಡ ಭಾರತ. ಡಕ್ಕರ್‌ನಲ್ಲಿ ಪರಾಧೀನ ಜನರ ಬಗ್ಗೆ ತೋರಿದ ಸಹಾನುಭೂತಿ 'ಉಗಿಯ ಮನೆ'ಯಲ್ಲಿ ಅಷ್ಟಾಗಿ ಕಾಣುವುದಿಲ್ಲ. ಅಲ್ಲಿ ಕಥೆ ಬ್ರಿಟಿಷ್ ಅಧಿಕಾರಿಯ ಪಕ್ಕದಲ್ಲಿ ನಿಂತು ನಡೆಯುತ್ತದೆ.

ಆಶಾವಾದವೋ ಆತಂಕವೋ

ವರ್ನ್ ಅವರ ಆರಂಭದ ಕಾದಂಬರಿಗಳಲ್ಲಿ ವಿಜ್ಞಾನದ ಬಗ್ಗೆ ಭರವಸೆಯೂ ಕೊನೆಯ ಕಾದಂಬರಿಗಳಲ್ಲಿ ಭೀತಿಯೂ ಇದೆಯೆಂಬುದು ದೀರ್ಘಕಾಲ ಪ್ರಚಲಿತವಾಗಿದ್ದ ಅಭಿಪ್ರಾಯ. 'ಭೂಗರ್ಭಯಾತ್ರೆ'ಯ (1864) ಪ್ರೊಫೆಸರ್ ಲೀಡನ್‌ಬ್ರಾಕ್ ಹಠಮಾರಿಯಾದರೂ ಜ್ಞಾನಪಿಪಾಸು. 'ಧ್ವಜದ ಎದುರು' (1896) ಕಾದಂಬರಿಯ ವಿಜ್ಞಾನಿಯಾದರೋ ತನ್ನ ಭೀಕರ ಸ್ಫೋಟಕವನ್ನು ಕಡಲ್ಗಳ್ಳರ ಕೈಗೊಪ್ಪಿಸುತ್ತಾನೆ. 'ಯಂತ್ರದ್ವೀಪ'ದಲ್ಲಿ (1895) ಕೋಟ್ಯಧೀಶರು ಕಟ್ಟಿಕೊಂಡ ತೇಲುವ ನಗರ ಅವರ ಒಳಜಗಳದಿಂದಲೇ ಒಡೆದುಹೋಗುತ್ತದೆ. 1886ರಲ್ಲಿ ಹಾರುವ ಯಂತ್ರದ ಧೀರನಾಗಿ ಕಾಣಿಸಿಕೊಂಡ ರೊಬುರ್, 1904ರ 'ಜಗದೊಡೆಯ'ದಲ್ಲಿ ಅಹಂಕಾರದಿಂದ ಬುದ್ಧಿಗೆಟ್ಟು ಸಿಡಿಲಿಗೆ ಸಿಕ್ಕಿ ನಾಶವಾಗುತ್ತಾನೆ. ಈ ಬದಲಾವಣೆಗೆ 1886ರ ಗುಂಡೇಟು ಮತ್ತು ಸಾಲುಸಾವುಗಳೇ ಕಾರಣವೆಂದು ವಿವರಿಸಲಾಗುತ್ತಿತ್ತು.

ಈ ವಿವರಣೆ ಸಂಪೂರ್ಣವಾಗಿ ಒಪ್ಪತಕ್ಕದ್ದಲ್ಲ. 1879ರ 'ಬೇಗಂಳ ಸಂಪತ್ತು' ಕಾದಂಬರಿಯಲ್ಲಿಯೇ ವಿಜ್ಞಾನಿಯೊಬ್ಬನು ಉಕ್ಕಿನ ನಗರವನ್ನು ಕಟ್ಟಿ, ನೆರೆಯ ನಗರದ ನಾಶಕ್ಕೆ ದೈತ್ಯ ಫಿರಂಗಿಯನ್ನೂ ಉಸಿರುಗಟ್ಟಿಸುವ ಅನಿಲದ ಗುಂಡುಗಳನ್ನೂ ಸಿದ್ಧಪಡಿಸುತ್ತಾನೆ. ಇದಕ್ಕಿಂತ ಬಲವಾದ ಸಾಕ್ಷ್ಯ 1989ರಲ್ಲಿ ದೊರೆಯಿತು. ವರ್ನ್ ಅವರ ಮರಿಮೊಮ್ಮಗನ ಬಳಿಯಿದ್ದ ಹಳೆಯ ತಿಜೋರಿಯಲ್ಲಿ 'ಇಪ್ಪತ್ತನೆಯ ಶತಮಾನದ ಪ್ಯಾರಿಸ್' ಎಂಬ ಹಸ್ತಪ್ರತಿ ಪತ್ತೆಯಾಯಿತು. ಮೊದಲ ಕಾದಂಬರಿಯ ಯಶಸ್ಸಿನ ಹೊತ್ತಿನಲ್ಲಿಯೇ ಬರೆದ ಈ ಕೃತಿಯನ್ನು ಹೆಟ್ಜೆಲ್ ಕಟುವಾದ ಮಾತುಗಳಲ್ಲಿ ತಿರಸ್ಕರಿಸಿದ್ದರು. ಇದು 1994ರಲ್ಲಿ ಪ್ರಕಟವಾಯಿತು.

ಕಥೆ ನಡೆಯುವುದು 1960ರಲ್ಲಿ. ಪ್ಯಾರಿಸ್ಸಿನಲ್ಲಿ ವೇಗದ ರೈಲುಗಳಿವೆ, ಅನಿಲದಿಂದ ಓಡುವ ವಾಹನಗಳಿವೆ, ಲೆಕ್ಕ ಮಾಡುವ ಯಂತ್ರಗಳಿವೆ, ದೂರದವರೆಗೆ ಚಿತ್ರ ಮತ್ತು ಬರಹಗಳನ್ನು ಕಳುಹಿಸುವ ತಂತಿಗಳಿವೆ. ಆದರೆ ಸಾಹಿತ್ಯವನ್ನು ಓದುವವರಿಲ್ಲ. ಲ್ಯಾಟಿನ್ ಪದ್ಯರಚನೆಯಲ್ಲಿ ಬಹುಮಾನ ಪಡೆದ ತರುಣನು ಎಲ್ಲರ ನಗೆಪಾಟಲಿಗೆ ಗುರಿಯಾಗಿ, ಯಾವ ಉದ್ಯೋಗಕ್ಕೂ ಸಲ್ಲದವನಾಗಿ, ಭೀಕರ ಚಳಿಗಾಲದಲ್ಲಿ ಹಸಿವಿನಿಂದ ಅಲೆದು ಸ್ಮಶಾನದ ಹಿಮದ ಮೇಲೆ ಕುಸಿಯುತ್ತಾನೆ. ಯಂತ್ರನಾಗರಿಕತೆಯ ಕುರಿತ ಆತಂಕ ವರ್ನ್ ಅವರಲ್ಲಿ ಮೊದಲಿನಿಂದಲೂ ಇತ್ತೆಂಬುದು ಇದರಿಂದ ಖಚಿತವಾಯಿತು. ಹೆಟ್ಜೆಲ್ ಅವರ ಮಾಲಿಕೆಯಲ್ಲಿ ಅದಕ್ಕೆ ಆರಂಭದಲ್ಲಿ ಎಡೆಯಿರಲಿಲ್ಲ.

ಅನುವಾದಗಳ ಸಮಸ್ಯೆ

ಇಂಗ್ಲಿಷಿನಲ್ಲಿ ವರ್ನ್ ಅವರನ್ನು ಮಕ್ಕಳ ಲೇಖಕರೆಂದು ಕಾಣಲು ಆರಂಭದ ಅನುವಾದಗಳು ಬಹುಮಟ್ಟಿಗೆ ಕಾರಣ. 'ಸಮುದ್ರದಡಿಯಲ್ಲಿ ಇಪ್ಪತ್ತು ಸಾವಿರ ಲೀಗ್' ಕೃತಿಯ ಮೊದಲ ಇಂಗ್ಲಿಷ್ ಅನುವಾದದಲ್ಲಿ ಮೂಲದ ಸುಮಾರು ಐದನೆಯ ಒಂದು ಭಾಗವೇ ಮಾಯವಾಗಿತ್ತು. ಅಳತೆ ಮತ್ತು ಲೆಕ್ಕಗಳಲ್ಲಿ ತಪ್ಪುಗಳು ಸೇರಿದ್ದವು. ಆ ತಪ್ಪುಗಳಿಗಾಗಿ ವರ್ನ್ ಅವರನ್ನೇ ವಿಜ್ಞಾನ ತಿಳಿಯದವರೆಂದು ಆಕ್ಷೇಪಿಸಿದವರೂ ಇದ್ದರು. 'ಭೂಗರ್ಭಯಾತ್ರೆ'ಯ ಮೊದಲ ಅನುವಾದದಲ್ಲಿ ಪಾತ್ರಗಳ ಹೆಸರುಗಳನ್ನೇ ಬದಲಿಸಲಾಯಿತು. 'ನಿಗೂಢ ದ್ವೀಪ'ದ ಅನುವಾದದಲ್ಲಿ ಬ್ರಿಟಿಷ್ ಆಳ್ವಿಕೆಯನ್ನು ಖಂಡಿಸುವ ನೀಮೊನ ಮಾತುಗಳನ್ನು ಮೃದುಗೊಳಿಸಿ ಬದಲಾಯಿಸಲಾಯಿತು. ಇಂಗ್ಲಿಷಿನ ಮೂಲಕ ಆ ಕೃತಿಯನ್ನು ಓದಿದ ಭಾರತೀಯರಿಗೆ ಭಾರತದ ಪರವಾದ ಭಾಗವೇ ಮೊಟಕಾಗಿ ದೊರೆಯಿತು. 20ನೆಯ ಶತಮಾನದ ಉತ್ತರಾರ್ಧದಿಂದ ಮೂಲನಿಷ್ಠವಾದ ಹೊಸ ಅನುವಾದಗಳು ಬರತೊಡಗಿ, ವರ್ನ್ ಅವರ ಮರುಮೌಲ್ಯಮಾಪನಕ್ಕೆ ಅವಕಾಶವಾಯಿತು.

ಮರಣೋತ್ತರ ಕೃತಿಗಳು

ವರ್ನ್ ನಿಧನರಾದಾಗ ಹಲವು ಹಸ್ತಪ್ರತಿಗಳು ಅಚ್ಚಾಗದೆ ಉಳಿದಿದ್ದವು. ಮಿಶೆಲ್ ಅವುಗಳನ್ನು 1905ರಿಂದ 1919ರವರೆಗೆ ಒಂದೊಂದಾಗಿ ಪ್ರಕಟಿಸಿದರು. ಅವು ತಂದೆಯ ಕೃತಿಗಳೆಂದೇ ಓದುಗರು ನಂಬಿದ್ದರು. 1970ರ ದಶಕದ ಕೊನೆಯಲ್ಲಿ ಹೆಟ್ಜೆಲ್ ಕುಟುಂಬದವರ ಬಳಿಯಿದ್ದ ಮೂಲಪಾಠದ ಪ್ರತಿಗಳು ದೊರೆತಾಗ, ಮಿಶೆಲ್ ಮಾಡಿದ ಬದಲಾವಣೆಗಳ ಪ್ರಮಾಣ ತಿಳಿದುಬಂದಿತು. 'ಚಿನ್ನದ ಉಲ್ಕೆ'ಯಲ್ಲಿ ಅವರು ಹೊಸ ಪಾತ್ರವೊಂದನ್ನೇ ಸೇರಿಸಿದ್ದರು. 'ವಿಲ್ಹೆಲ್ಮ್ ಸ್ಟೋರಿಟ್ಜ್‌ನ ರಹಸ್ಯ'ದ ಕಥೆಯನ್ನು ಹಿಂದಿನ ಶತಮಾನಕ್ಕೆ ಸ್ಥಳಾಂತರಿಸಿದ್ದರು. ವರ್ನ್ ಅವರ ಮೂಲದಲ್ಲಿ ಅದೃಶ್ಯಳಾದ ವಧು ಕೊನೆಯವರೆಗೂ ಅದೃಶ್ಯಳಾಗಿಯೇ ಉಳಿದರೆ, ಮಿಶೆಲ್ ಅವರ ಪಾಠದಲ್ಲಿ ಆಕೆ ಮತ್ತೆ ಕಣ್ಣಿಗೆ ಕಾಣುವಂತಾಗುತ್ತಾಳೆ.

ಜೂಲ್ಸ್ ವರ್ನ್ ಸಂಘ 1980ರ ದಶಕದಲ್ಲಿ ಮೂಲಪಾಠಗಳನ್ನು ಪ್ರಕಟಿಸಿತು. ಮಿಶೆಲ್ ತಂದೆಯ ಕೃತಿಗಳನ್ನು ಕೆಡಿಸಿದರೆಂಬ ತೀರ್ಪು ಮೊದಲು ಕೇಳಿಬಂದರೂ, ಅವರ ಕೆಲವು ಸೇರ್ಪಡೆಗಳು ಕಥೆಯನ್ನು ಬಲಪಡಿಸಿವೆ ಎಂಬ ಅಭಿಪ್ರಾಯವೂ ಇದೆ.

ಟೀಕೆಗಳು

ವರ್ನ್ ಅವರ ಕಾದಂಬರಿಗಳಲ್ಲಿ ಸ್ತ್ರೀಪಾತ್ರಗಳು ವಿರಳ ಮತ್ತು ದುರ್ಬಲವೆಂಬ ಆಕ್ಷೇಪವಿದೆ. ಆಫ್ರಿಕಾ ಮತ್ತು ಏಷ್ಯಾದ ಜನರ ಚಿತ್ರಣದಲ್ಲಿ ಆ ಕಾಲದ ಯುರೋಪಿನ ಪೂರ್ವಗ್ರಹಗಳು ಕಾಣುತ್ತವೆ. 1877ರ 'ಹೆಕ್ಟರ್ ಸೆರ್ವಾಡಾಕ್' ಕಾದಂಬರಿಯ ಯೆಹೂದಿ ವ್ಯಾಪಾರಿಯ ಪಾತ್ರ ಆಗಲೇ ಪ್ರತಿಭಟನೆಗೆ ಕಾರಣವಾಗಿತ್ತು. ಮೀನು, ಸಸ್ಯ, ಖನಿಜಗಳ ದೀರ್ಘ ಪಟ್ಟಿಗಳು ಕಥೆಯ ಓಟಕ್ಕೆ ಅಡ್ಡಿಯೆಂದು ಕೆಲವು ಓದುಗರು ಭಾವಿಸಿದರೆ, ಅವೇ ಆ ಕೃತಿಗಳ ಕಾವ್ಯವೆಂದು ಇತರರು ಮೆಚ್ಚುತ್ತಾರೆ.

ಪ್ರಭಾವ ಮತ್ತು ಸ್ಮರಣೆ

ಜಲಾಂತರ್ಗಾಮಿಗಳ ನಿರ್ಮಾಪಕ ಸೈಮನ್ ಲೇಕ್, ರಷ್ಯಾದ ರಾಕೆಟ್ ವಿಜ್ಞಾನಿ ತ್ಸಿಯೊಲ್ಕೋವ್‌ಸ್ಕಿ ಮೊದಲಾದವರು ವರ್ನ್ ಅವರ ಕಾದಂಬರಿಗಳಿಂದ ಸ್ಫೂರ್ತಿ ಪಡೆದರು. 1902ರಲ್ಲಿ ಜಾರ್ಜ್ ಮೆಲಿಯೆ ನಿರ್ಮಿಸಿದ ಚಂದ್ರಯಾನದ ಮೂಕಿ ಚಿತ್ರದಲ್ಲಿ ಅವರ ಪ್ರಭಾವ ಸ್ಪಷ್ಟವಾಗಿದೆ. ಚಂದ್ರನ ಹಿಂಬದಿಯ ಒಂದು ಕುಳಿಗೆ ಅವರ ಹೆಸರಿಡಲಾಗಿದೆ. 2008ರಲ್ಲಿ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳುಹಿಸಿದ ಮೊದಲ ಸರಕುನೌಕೆಯ ಹೆಸರೂ 'ಜೂಲ್ಸ್ ವರ್ನ್'.

ಆಮಿಯೆಂನಲ್ಲಿ ಅವರು ವಾಸವಾಗಿದ್ದ ಗೋಪುರದ ಮನೆ ಇಂದು ವಸ್ತುಸಂಗ್ರಹಾಲಯವಾಗಿದೆ. ಹಸ್ತಪ್ರತಿಗಳ ದೊಡ್ಡ ಸಂಗ್ರಹವನ್ನು ಹುಟ್ಟೂರಾದ ನಾಂಟ್ ನಗರ ಸಂರಕ್ಷಿಸಿದೆ. ಆಮಿಯೆಂನ ಮದಲೀನ್ ಸ್ಮಶಾನದಲ್ಲಿ ಅವರ ಸಮಾಧಿಯ ಮೇಲೆ ಶಿಲ್ಪಿ ಆಲ್ಬರ್ಟ್ ರೋಜ್ ರೂಪಿಸಿದ ವಿಗ್ರಹವಿದೆ. ಸಮಾಧಿಯ ಕಲ್ಲನ್ನು ಹೆಗಲಿನಿಂದ ಎತ್ತಿ, ಆಕಾಶದತ್ತ ಕೈಚಾಚಿ ಮೇಲೇಳುತ್ತಿರುವ ಮನುಷ್ಯನ ರೂಪ ಅದು.

ಪ್ರಮುಖ ಕೃತಿಗಳು

ಆಕಾಶಬುಟ್ಟಿಯಲ್ಲಿ ಐದು ವಾರ – 1863
ಭೂಗರ್ಭಯಾತ್ರೆ – 1864
ಭೂಮಿಯಿಂದ ಚಂದ್ರನಿಗೆ – 1865
ಕ್ಯಾಪ್ಟನ್ ಹ್ಯಾಟರಸ್‌ನ ಸಾಹಸಗಳು – 1866
ಕ್ಯಾಪ್ಟನ್ ಗ್ರಾಂಟ್‌ನ ಮಕ್ಕಳು – 1867–68
ಸಮುದ್ರದಡಿಯಲ್ಲಿ ಇಪ್ಪತ್ತು ಸಾವಿರ ಲೀಗ್ – 1869–70
ಚಂದ್ರನ ಸುತ್ತ – 1870
ಎಂಬತ್ತು ದಿನಗಳಲ್ಲಿ ಭೂಪ್ರದಕ್ಷಿಣೆ – 1873
ನಿಗೂಢ ದ್ವೀಪ – 1874–75
ಮಿಖಾಯಿಲ್ ಸ್ಟ್ರೋಗಾಫ್ – 1876
ಬೇಗಂಳ ಸಂಪತ್ತು – 1879
ಉಗಿಯ ಮನೆ – 1880
ವಿಜಯಿ ರೊಬುರ್ – 1886
ಯಂತ್ರದ್ವೀಪ – 1895
ಧ್ವಜದ ಎದುರು – 1896
ಜಗದೊಡೆಯ – 1904
ಇಪ್ಪತ್ತನೆಯ ಶತಮಾನದ ಪ್ಯಾರಿಸ್ – 1994 (ಮರಣೋತ್ತರ)